ಕಂಬಕ್ಕೆ ಕಟ್ಟಿದ ತಾಯಿ

ಹಳೆಯ ಹೊಡೆದಾಟದ ಚಿತ್ರಗಳ ಮೋಹದಲ್ಲಿ ವಾಮನ ಗೆಳೆಯರನ್ನೇ ಸೇರಿಸಿಕೊಂಡು ಸಿನಿಮಾ ತೆಗೆಯುತ್ತಿದ್ದ. ಅಂಥ ಚಿತ್ರವೆಂದ ಮೇಲೆ ಗೋದಾಮು ಬೇಕು, ಖಾಲಿ ಡ್ರಮ್ಮು ಬೇಕು, ಕಂಬಕ್ಕೆ ಕಟ್ಟಿಹಾಕಲು ನಾಯಕನ ತಾಯಿ ಬೇಕು. ತಾಯಿಯಾಗಿ ಚಿಕ್ಕಮ್ಮ ಪುಕ್ಕಟೆ ಸಿಕ್ಕಿದ್ದಳು. ಕುರ್ಚಿ ಹಾಕಿ, ಫ್ಯಾನು ತಿರುಗಿಸಿ ಕಟ್ಟಿದ್ದರೂ ಅವಳ ಒಂದೇ ಒಂದು ಮಾತು ಹನ್ನೊಂದು ಟೇಕಿನಲ್ಲೂ ಬಾಯಿಗೆ ಬಂದಿರಲಿಲ್ಲ.

“‘ಬರಬೇಡ ಮಗನೇ, ಇಲ್ಲಿ ಬಾಂಬಿದೆ!’ ಇಷ್ಟೇ ಚಿಕ್ಕಮ್ಮ. ಸಂಜೆಗೆ ಗೋದಾಮು ಬಿಡಬೇಕು. ಆಮೇಲೆ ಸಿನಿಮಾನೇ ಇಲ್ಲ.”

“ವಯಸ್ಸಾಯ್ತಲ್ಲೋ, ಮರೆತುಹೋಗುತ್ತೆ.”

ಅಷ್ಟರಲ್ಲಿ ಚಿಕ್ಕಪ್ಪನ ಫೋನು ಬಂತು. ವಾಮನ ಅದನ್ನು ಅವಳ ಕಿವಿಗೆ ಹಿಡಿದ.

“ಎಂಟು ಜನ ನೆಂಟರು ಬಂದು ಕೂತಿದ್ದಾರೆ. ಅಡುಗೆಗೆ ಯಾವಾಗ ಬರ್ತೀಯೆ?”

“ಕಟ್ಟಿಹಾಕಿದ್ದಾರೆ ಕಣ್ರೀ. ಡೈಲಾಗ್ ಸರಿಯಾಗಿ ಹೇಳಿದ ಮೇಲೇ ಬಿಡೋದಂತೆ.”

ಹನ್ನೆರಡನೆಯ ಟೇಕಿನಲ್ಲಿ ಖಳನಾಯಕನೇ ತನ್ನ ಅರ್ಧ ಪುಟದ ಮಾತು ಮರೆತು ತಡವರಿಸಿದ. ಚಿಕ್ಕಮ್ಮ ಕೂತಲ್ಲಿಂದಲೇ ಅಷ್ಟನ್ನೂ ಒಂದಕ್ಷರ ತಪ್ಪದೆ, ಅಟ್ಟಹಾಸದ ಜಾಗದಲ್ಲಿ ಅಟ್ಟಹಾಸವನ್ನೂ ಸೇರಿಸಿ ಹೇಳಿಕೊಟ್ಟಳು.

ಇಡೀ ಗೋದಾಮು ಅವಳನ್ನೇ ನೋಡಿತು.

“ನನ್ನನ್ನೇನು ನೋಡ್ತೀರಿ? ಹಗ್ಗ ಸಡಿಲ ಆಗಿದೆ ಕಣೋ ವಾಮನ,” ಎಂದಳು ಚಿಕ್ಕಮ್ಮ. “ಬಿಗಿಯಾಗಿ ಕಟ್ಟಿ ಇನ್ನೊಂದು ಟೇಕ್ ತಗೋ.”