ಹಗ್ಗದ ಇನ್ನೊಂದು ತುದಿ

ಬಿಸಿಲಿಗೆ ಕಾದ ನೈಲಾನ್ ಹಗ್ಗದ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ಬೈರಕೂರಿನ ಹತ್ತಿರದ ಆ ಬಂಡೆ ಕಣ್ಣೆದುರು ಬಂದು ನಿಲ್ಲುತ್ತದೆ.

ಅಪ್ಪ ಹೈವೇಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡ ಮೇಲೆ ಅಕ್ಕ ಮಾತಾಡುವುದನ್ನೇ ಬಿಟ್ಟಿದ್ದಳು. ಅಂಥ ಮಕ್ಕಳನ್ನು ಬಂಡೆ ಹತ್ತಿಸಿ ಸರಿಮಾಡುವ ಮೇಡಂ ಒಬ್ಬರು ಅಲ್ಲಿಗೆ ಬಂದಿದ್ದಾರೆಂದು ತಿಳಿದು ಅಮ್ಮ ನಮ್ಮನ್ನು ಕರೆದುಕೊಂಡು ಹೊರಟಳು. "ಬಂಡೆ ಹತ್ತಿದ್ರೆ ಮಾತು ಬರುತ್ತೇನೇ?" ಎಂದು ಅಜ್ಜಿ ಗೊಣಗಿದಳು.

ಮೇಡಂ ಅಕ್ಕನ ಸೊಂಟಕ್ಕೆ ಪಟ್ಟಿ ಬಿಗಿದು ಹಗ್ಗ ಕಟ್ಟಿದರು. ಬಂಡೆಯ ನೆತ್ತಿಯ ಕೊಂಡಿಯನ್ನು ಹಾದು ಬಂದ ಇನ್ನೊಂದು ತುದಿ ಅವರ ಕೈಯಲ್ಲಿತ್ತು. ನನಗೆ ತೋಟದ ಬಾವಿ ನೆನಪಾಯಿತು. ಈಜು ಕಲಿಸುವಾಗ ಅಪ್ಪ ಹೀಗೇ ನಮ್ಮ ಸೊಂಟಕ್ಕೆ ಹಗ್ಗ ಕಟ್ಟಿ ನೀರಿಗಿಳಿಸಿ, ತಾನು ಮೆಟ್ಟಿಲ ಮೇಲೆ ಹಿಡಿದು ಕೂರುತ್ತಿದ್ದ. ಪಕ್ಕದಲ್ಲಿ ಅಮ್ಮ ಟವೆಲ್ ಹಿಡಿದು ನಿಂತಿರುತ್ತಿದ್ದಳು. ನಾವು ಕಿರುಚಿದರೆ ಅಪ್ಪನದು ಒಂದೇ ಮಾತು: "ಬಿಡಲ್ಲ ಕಣೇ, ಕಾಲು ಬಡಿ."

ಅಕ್ಕ ಸರಸರನೆ ಹತ್ತಿದಳು. ಅರ್ಧಕ್ಕೆ ಹೋಗುವಷ್ಟರಲ್ಲಿ ಕಾಲು ಜಾರಿ, ಹಗ್ಗದಲ್ಲಿ ತೂಗಾಡಿದಳು. ಕೆಳಗೆ ನೋಡದೆ, ಕಣ್ಣು ಮುಚ್ಚಿಕೊಂಡೇ ಕೂಗಿದಳು.

"ಅಪ್ಪಾ, ಬಿಡ್ಬೇಡಪ್ಪಾ."

ತಿಂಗಳುಗಟ್ಟಲೆ ಬಳಸದ ದನಿ ಒಡೆದಿತ್ತು.

ಮೇಡಂ ಬಾಯಿ ತೆರೆಯುವ ಮೊದಲೇ, ಹುಣಸೆ ಮರದ ಕೆಳಗೆ ಕೂತಿದ್ದ ಅಮ್ಮ ಎದ್ದು ಬಂದು, ಅವರ ಹಿಂದೆ ನೆಲದಲ್ಲಿ ಬಿದ್ದಿದ್ದ ಅದೇ ಹಗ್ಗದ ಉಳಿದ ಭಾಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಬಿಡಲ್ಲ ಕಣೇ," ಎಂದಳು. "ಕಾಲು ಬಡಿ."

ಆ ಒಣ ಬಂಡೆಯ ಮುಂದೆ, ಬರಿಯ ಗಾಳಿಯಲ್ಲಿ, ಅಕ್ಕ ಕಾಲು ಬಡಿಯತೊಡಗಿದಳು.