ಮೂಲೆಯ ಮೇಲೆ ನಿಂತ ಬಾವುಟ

ತೋರುಬೆರಳು ಸೀಳಿ ರಕ್ತ ಮೊಣಕೈವರೆಗೆ ಇಳಿದಿದ್ದರೂ ರೋಹನ್ ದಾರ ಬಿಡಲಿಲ್ಲ. ಎದುರು ಟೆರೇಸಿನ ಕಿರಣನನ್ನು ಮುಗಿಸದೆ ಕೆಳಗಿಳಿಯುವುದಿಲ್ಲವೆಂದು ಬೆಳಿಗ್ಗೆಯೇ ಹಟ ತೊಟ್ಟಿದ್ದ.

ಉತ್ತರಾಯಣದ ದಿನ ಮಣಿನಗರದ ನೆತ್ತಿಯ ಮೇಲೆಲ್ಲ ಗಾಳಿಪಟಗಳ ಕಾಳಗ. ಸುತ್ತಲಿನ ಪಟಗಳನ್ನೆಲ್ಲ ಕತ್ತರಿಸಿ ಕೆಡವಿದ್ದ ರೋಹನನ ಪಟಕ್ಕೆ ಮಾತ್ರ ಯಾರಿಗೂ ಕೈ ಹಚ್ಚಲಾಗಿರಲಿಲ್ಲ. ಕೇಸರಿ, ಬಿಳಿ, ಹಸಿರು. ನಟ್ಟನಡುವೆ ಕೈವಾರ ಹಿಡಿದು ಅವನೇ ಬರೆದ ಇಪ್ಪತ್ನಾಲ್ಕು ಅರೆಗಳ ನೀಲಿ ಚಕ್ರ. ದಾರವೋ, ಗಾಜಿನ ಪುಡಿ ಮೆತ್ತಿದ, ಸರ್ಕಾರ ನಿಷೇಧಿಸಿದ ನೈಲಾನ್ ಮಾಂಜಾ. ದೇಶದ ಬಾವುಟ ಹರಿದು ಬೀದಿಗೆ ಬೀಳಬಾರದು, ಅದಕ್ಕಾಗಿ ಕಾನೂನು ಮುರಿದರೂ ತಪ್ಪಿಲ್ಲ ಎಂಬುದು ಅವನ ನ್ಯಾಯ. ಬಾವುಟದ ಮಾನ ಕಾಯಲು ಬಾವುಟವನ್ನೇ ಯುದ್ಧಕ್ಕೆ ಕಳಿಸಿದ ಮಹಾಶಯ!

ಅವನನ್ನು ಕೆಣಕಿದವನು ಕಿರಣ್. ಇಬ್ಬರದೂ ಒಂದೇ ಆಫೀಸು, ಇಬ್ಬರೂ ಕೆಲಸಕ್ಕೆಂದು ಈ ಪರವೂರಿಗೆ ಬಂದ ಮೈಸೂರಿನವರು. ಹಿಂದಿನ ಸಂಜೆ ರೋಹನ್ ಪಟಕ್ಕೆ ಅಂಟು ಹಚ್ಚುತ್ತಿದ್ದಾಗ ಬಂದು ನಕ್ಕಿದ್ದ.

"ಬಾವುಟ ಅಂದ್ರೆ ಮೂರಕ್ಕೆರಡರ ಆಯತ ಕಣೋ. ನೀನು ಚೌಕಾನ ಮೂಲೆ ಮೇಲೆ ನಿಲ್ಲಿಸಿದ್ದೀಯ. ಪಟ್ಟಿಗಳ ಎತ್ತರ ಸಮ ಇದ್ರೂ ಅರ್ಧಕ್ಕಿಂತ ಜಾಸ್ತಿ ಬಿಳೀನೇ ಬಂತು ನೋಡು."

"ಬಂದ್ರೆ ಏನೀಗ?"

"ಬಿಳಿ ಅಂದ್ರೆ ಶಾಂತಿ. ಅದನ್ನ ಕಟ್ಕೊಂಡು ಕಾದಾಡ್ತೀಯಾ? ಬೇಡ. ಹಾರಿಸಿದ್ರೆ ನಾನೇ ಕೆಳಗಿಳಿಸ್ತೀನಿ."

ರೋಹನನ ಪಿತ್ತ ನೆತ್ತಿಗೇರಿತ್ತು. ಕಿರಣನ ಕಾಲರ್ ಹಿಡಿದು, ತಲೆಯನ್ನು ಗೋಡೆಗೆ ಗುದ್ದಿ, ಬಾಗಿಲಾಚೆ ದಬ್ಬಿದ್ದ.

ಈಗ ಕಿರಣನ ಕಪ್ಪು ಪಟ ಎದುರಿಗಿತ್ತು. ರೋಹನ್ ಮೇಲೆರಗಿದಾಗಲೆಲ್ಲ ಅದು ಪಕ್ಕಕ್ಕೆ ಸರಿದುಹೋಗುತ್ತಿತ್ತು. ಪುಕ್ಕಲ, ಸಮಯ ಕಾಯುತ್ತಿದ್ದಾನೆ ಎಂದು ರೋಹನ್ ಹಲ್ಲು ಕಡಿದ.

ಇದ್ದಕ್ಕಿದ್ದಂತೆ ಗಾಳಿ ಒಂದು ಕ್ಷಣ ಬಿತ್ತು. ತ್ರಿವರ್ಣದ ಪಟ ತೂರಾಡುತ್ತ ಇಳಿದು ರಸ್ತೆಬದಿಯ ಬೇವಿನ ಮರಕ್ಕೆ ತೊಡರಿ ನೇತಾಡಿತು. ರೋಹನ್ ದಾರ ಬಿಗಿಹಿಡಿದ. ಬಾವುಟ ಮಣ್ಣು ಮುಟ್ಟಿದರೆ ಇಡೀ ಬೀದಿಯೆದುರು ತಲೆ ಎತ್ತುವಂತಿರಲಿಲ್ಲ.

"ರೋಹನ್, ಎಳೀಬೇಡ! ತಡಿ, ಬಂದೆ!" ಎಂದು ಕಿರಣ್ ಕೂಗಿದ.

"ಬಾ ಮಗನೇ, ಇವತ್ತು ನೀನಿದ್ದೀಯ, ನಾನಿದ್ದೀನಿ!"

ರೋಹನ್ ಮೆಲ್ಲಗೆ ಜಗ್ಗುತ್ತ ಪಟ ಬಿಡಿಸಲು ಹೆಣಗಿದ. ಅಷ್ಟು ಹೊತ್ತಿಗೆ ಕಪ್ಪು ಪಟ ತೀರ ಹತ್ತಿರ ಬಂದಿತ್ತು. ಕೊಂಬೆಯಿಂದ ಕಳಚಿದ ಬಾವುಟ ರೋಹನನ ಟೆರೇಸಿನ ಪ್ಯಾರಪೆಟ್ಟು ಗೋಡೆಯ ಮರೆಗೆ ಜಾರಿತು. ಕೂಡಲೇ ದಾರ ಬಿಗಿಯಿತು. ಸಿಕ್ಕಿಬಿದ್ದ ಕಳ್ಳ, ಅಂದುಕೊಂಡ ರೋಹನ್ ಕಾಲೂರಿ ಎರಡೂ ಕೈಯಿಂದ ಎಳೆದ. ಗರಗಸ ಆಡಿಸಿದಂತೆ ಮತ್ತೆ ಮತ್ತೆ ಎಳೆದ. ಅತ್ತ ಏನೋ ಕುಯ್ದುಕೊಂಡು ಸಡಿಲವಾಯಿತು.

"ಕಾಪ್ಯೋ!" ಕತ್ತರಿಸಿದೆ ಎನ್ನುವ ಆ ಊರಿನ ಕೂಗು ಕೂಗಿ ಅವನು ಕುಣಿದ.

ಆದರೆ ಕಪ್ಪು ಪಟ ಹಾರುತ್ತಲೇ ಇತ್ತು. ಎದುರು ಟೆರೇಸಿನಲ್ಲಿ ಅದರ ದಾರ ಹಿಡಿದು ನಿಂತಿದ್ದವಳು ಕಿರಣನ ತಂಗಿ ನಿಶ್ಚಿತಾ; ಅವಳು ಕೆಳಗೆ ನೋಡಿ ಚೀರುತ್ತಿದ್ದಳು. ರೋಹನ್ ಪ್ಯಾರಪೆಟ್ಟಿಗೆ ಓಡಿ ಬಗ್ಗಿ ನೋಡಿದ.

ಮರದಡಿಯ ರಸ್ತೆಯಲ್ಲಿ ಕಿರಣ್ ಮಾಂಜಾ ಸುತ್ತಿಕೊಂಡ ಕುತ್ತಿಗೆ ಸೀಳಿ ಅಂಗಾತ ಬಿದ್ದಿದ್ದ. ಬಾವುಟ ನೆಲಕ್ಕೆ ತಾಗದಂತೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದ.