ಒಡೆಯದ ಮಾಲು

“ಏನಂದ್ರಿ? ಪ್ಲಾಸ್ಟಿಕ್ಕಾ? ನನ್ನ ಕಣ್ಣಾಗ?” ಪಕೀರಮ್ಮ ಕುರ್ಚಿಯಿಂದ ಎದ್ದೇ ಬಿಟ್ಟಳು.

ರಾಯಚೂರಿನ ಕಣ್ಣಿನ ಡಾಕ್ಟರು ಅಂಗೈ ಮೇಲೆ ಪೊರೆ ತೆಗೆದ ಕಣ್ಣಿನಲ್ಲಿ ಕೂಡಿಸುವ ತೊಗರಿಬೇಳೆಯಷ್ಟು ಬಿಲ್ಲೆಯೊಂದನ್ನು ಇಟ್ಟುಕೊಂಡು ನಗುತ್ತಿದ್ದರು. ಅವರಿಗೇನು ಗೊತ್ತು! ಸಿರವಾರದ ಸಂತೆಯಲ್ಲಿ ನಲವತ್ತು ವರ್ಷದಿಂದ ಗಾಜಿನ ಬಳೆ ತೊಡಿಸುವವಳು ಪಕೀರಮ್ಮ. ಪಕ್ಕದಲ್ಲೇ ಪ್ಲಾಸ್ಟಿಕ್ ಬಳೆ ಹರಡಿಕೊಂಡು ಕೂಡುವ ಕನಕಮ್ಮನನ್ನು ಆಡಿಕೊಳ್ಳದೆ ಅವಳಿಗೆ ಬೋಣಿಯೇ ಆಗುತ್ತಿರಲಿಲ್ಲ. “ಅವೇನು ಬಳೀನೇ? ಸಪ್ಪಳಿಲ್ಲ, ಸೊಗಸಿಲ್ಲ. ಬಕೀಟಿನ ಕಿವಿ ಕತ್ತರಿಸಿ ಮಾಡ್ಯಾರ!” ಈಗ ಅದೇ ಮಾಲು ತನ್ನ ಕಣ್ಣೊಳಗೆ ಹೋದರೆ ಕನಕಮ್ಮ ಸುಮ್ಮನೆ ಬಿಟ್ಟಾಳೆಯೇ?

“ಗಾಜಿಂದು ಹಾಕ್ರಿ ಯಪ್ಪಾ. ಬೇಕಾದ್ರ ಗಾಜಿನ ಬಳಿ ಮಾಡೋ ಫಿರೋಜಾಬಾದಿಂದ ನಾನೇ ತರಿಸಿ ಕೊಡ್ತೀನಿ.”

“ಬಳಿ ಒಡೆದು ಚೂರು ಕೈಯಾಗ ಹೊಕ್ಕರ ಏನಾಗ್ತದ ಯವ್ವಾ?” ಡಾಕ್ಟರು ಕೇಳಿದರು.

“ಕೀವು ತುಂಬತದ. ಹೊರಗ ಬರೋತನಕ ನಿದ್ದಿ ಮಾಡಗೊಡಂಗಿಲ್ಲ.”

“ಹಿಂದ ದೊಡ್ಡ ಯುದ್ಧದಾಗ ಗುಂಡು ಬಡಿದು ವಿಮಾನದ ಕಿಟಕಿ ಒಡೆದು, ಇಂಥ ಪ್ಲಾಸ್ಟಿಕ್ ಚೂರು ಅದನ್ನ ನಡಸೋರ ಕಣ್ಣಾಗ ಹೊಕ್ಕಿದ್ವು. ಕಣ್ಣು ತಕರಾರೇ ಮಾಡಲಿಲ್ಲ. ಅದನ್ನ ನೋಡೇ ಇದನ್ನ ಮಾಡ್ಯಾರ. ಕಣ್ಣೊಳಗ ಇದು ಒಡೆಯಂಗಿಲ್ಲ, ಸವೆಯಂಗಿಲ್ಲ. ಬ್ಯಾಡಂದ್ರ ಪೊರಿ ತಗದು ದಪ್ಪ ಗಾಜಿನ ಕನ್ನಡಕ ಕೊಡ್ತೀನಿ. ಆದ್ರ ಅದರಾಗ ಎಲ್ಲಾ ಇದ್ದದ್ದಕ್ಕಿಂತ ದೊಡ್ಡದು ಕಾಣಸ್ತದ. ಮುಂಗೈನೂ.”

ಪಕೀರಮ್ಮ ಮೆತ್ತಗೆ ಕುಳಿತಳು. ಮುಂಗೈ ಕಂಡ ಕೂಡಲೇ ಬಳೆಯ ಅಳತೆ ಹೇಳುವುದು ಅವಳ ಜೀವಮಾನದ ಹೆಮ್ಮೆ. ಪೊರೆ ಬಂದ ಮೇಲೆ ಅಳತೆ ತಪ್ಪಿ, ಸಣ್ಣ ಬಳೆ ಏರಿಸಲು ಹೋಗಿ ಇಬ್ಬರು ಮದುವಣಗಿತ್ತಿಯರ ಕೈಗೆ ಗಾಯ ಮಾಡಿದ್ದಳು. ಆ ದಿನ ಸಂತೆಯಲ್ಲಿ ಕೂತಲ್ಲೇ ಅತ್ತಿದ್ದಳು.

“ಹಾಕ್ರಿ,” ಎಂದಳು. “ಆದ್ರ ಆ ಕನಕಿಗೆ ಗೊತ್ತಾಗಬಾರದು.”

ಆಪರೇಷನ್ ಆದ ಮೂರನೇ ದಿನ ಪಟ್ಟಿ ಬಿಚ್ಚಿದಾಗ ಎದುರಿನ ಗೋಡೆಯ ಕ್ಯಾಲೆಂಡರಿನ ಅಂಕಿಗಳೆಲ್ಲ ಕಂಡವು. ಅಷ್ಟರಲ್ಲಿ ಬಾಗಿಲಲ್ಲಿ ಕನಕಮ್ಮ! ಪಕೀರಮ್ಮನ ಸೊಸೆ ಎಲ್ಲವನ್ನೂ ಒದರಿದ್ದಳು.

“ಹೆಂಗದ ಯಕ್ಕಾ, ಬಕೀಟಿನ ಕಿವಿ?” ಎನ್ನುತ್ತಲೇ ಕನಕಮ್ಮ ಮೋಸಂಬಿಯ ಚೀಲವನ್ನು ಮಂಚದ ಮೇಲಿಟ್ಟಳು.

ಪಕೀರಮ್ಮ ಕನಕಮ್ಮನ ಕೈಯನ್ನೇ ನೋಡುತ್ತಿದ್ದಳು. ಕೆಂಪು, ಹಳದಿ ಪ್ಲಾಸ್ಟಿಕ್ ಬಳೆಗಳ ನಡುವೆ ಅಡಗಿ ಕೂತಿದ್ದವು ಎರಡು ಹಸಿರು ಗಾಜಿನ ಬಳೆ. ಅವೂ ತನ್ನ ಅಂಗಡಿಯವೇ!

ಕನಕಮ್ಮ ಗಬಕ್ಕನೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. “ಗಂಡ ಇರೋ ಕೈ ಯಕ್ಕಾ, ಗಾಜಿಲ್ದ ಹೆಂಗಿರ್ಲಿ? ನೀ ಇಲ್ದಾಗ ನಿನ್ನ ಸೊಸಿ ಕಡಿಂದ ತೊಡಿಸ್ಕೊಂಡೆ. ಯಾರ ಮುಂದೂ ಅನಬ್ಯಾಡ, ಗಿರಾಕಿ ತಪ್ಪತಾರ.”

ಪಕೀರಮ್ಮ ಆ ಕೈಯನ್ನು ಸೆರಗಿನಿಂದ ಹೊರಗೆಳೆದು, ಹೊಸ ಕಣ್ಣಿನಿಂದ ಒಮ್ಮೆ ನೋಡಿದಳು.

“ಒಂದಳತಿ ದೊಡ್ಡವು ತೊಡಿಸ್ಯಾಳ ಹುಚ್ಚಿ. ಸಂತಿಗೆ ಬಾ, ಸರಿಯಾದವು ನಾ ತೊಡಸ್ತೀನಿ.”